ಪಾರಿ ಡಾಕ್ಟರ ಪಕ್ಕದ ಕುರ್ಚಿ

"ನಿನ್ನೆ ಮೊನ್ನೆ ಬಂದವಳು ನೀನು. ಆ ಕುರ್ಚೀಲಿ ಹೋಗಿ ಕೂರೋಕೆ ನಾಚಿಕೆ ಆಗ್ಲಿಲ್ವಾ?"

ಗ್ಲೆನಿಸ್ ಚಹಾದ ಲೋಟ ಕುಕ್ಕಿದ ರಭಸಕ್ಕೆ ಮೇಜೆಲ್ಲ ಒದ್ದೆಯಾಯಿತು. ಎದುರಿಗಿದ್ದ ಮೊರ್ವೆನಾ ಬಿಸ್ಕತ್ತು ಅದ್ದುತ್ತಲೇ ಹೇಳಿದಳು: "ನಾನು ಕೇಳ್ಲಿಲ್ಲ ಗ್ಲೆನಿಸ್, ಡಾಕ್ಟ್ರೇ ಕರೆದ್ರು. ಹೊಟ್ಟೆ ಉರಿದ್ರೆ ಅವರ ಹತ್ರ ಹೋಗಿ ಹೇಳ್ಕೊಳ್ಳಿ."

ವೇಲ್ಸಿನ ಆ ಕಣಿವೆಯ ಊರಿನ ಕ್ಲಿನಿಕ್ಕಿನಲ್ಲಿ ಇಬ್ಬರೂ ಫಾರ್ಮಸಿಸ್ಟರು. ಔಷಧದಲ್ಲಿ ಡಿಗ್ರಿ ಇದ್ದ ಮಾತ್ರಕ್ಕೆ ರೋಗಿಗೆ ಔಷಧದ ಚೀಟಿ ಬರೆದು ಸಹಿ ಹಾಕುವಂತಿರಲಿಲ್ಲ. ಅದಕ್ಕೆ ಇನ್ನೊಂದು ತರಬೇತಿ ಮುಗಿಸಬೇಕು. ಒಬ್ಬ ಡಾಕ್ಟರು ಪಕ್ಕದಲ್ಲಿ ಕೂರಿಸಿಕೊಂಡು ರೋಗಿಯನ್ನು ಮುಟ್ಟಿ ನೋಡುವುದನ್ನು ಕಲಿಸಬೇಕು. ಪಾರಿ ಡಾಕ್ಟರು ವರ್ಷಕ್ಕೊಬ್ಬರನ್ನಷ್ಟೇ ಕೂರಿಸಿಕೊಳ್ಳುತ್ತಿದ್ದರು. ಗ್ಲೆನಿಸ್ ಹಿಂದೆಯೂ ಕೇಳಿದ್ದಳು. ಪ್ರತಿ ಸಲವೂ ಅವರು ಹೊಗಳಿ ಕಳಿಸಿದ್ದರು. ಹೊಗಳಿಕೆ ತಿಂದು ಹೊಟ್ಟೆ ತುಂಬುತ್ತದೆಯೇ? ಫೋನಿನಲ್ಲಿ ಮುದುಕರ ಮಾತ್ರೆ ವಿಚಾರಿಸುತ್ತಲೇ ಅವಳ ಕೂದಲು ನೆರೆಯಿತು. ಈಗ ಗೋಡೆಯಾಚೆ ಡಾಕ್ಟರೂ ಆ ಹುಡುಗಿಯೂ ನಗುವುದು ಕೇಳಿದರೆ ಮೈಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಹುಡುಗಿ ಕೊರಳಿಗೆ ಸ್ಟೆತಸ್ಕೋಪ್ ಹಾಕಿಕೊಂಡೇ ಊಟಕ್ಕೆ ಬರುವುದನ್ನಂತೂ ನೋಡಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಡಾಕ್ಟರು ಚಹಾದ ಕೋಣೆಗೆ ಇಣುಕಿದರು. ಮೊರ್ವೆನಾಳ ಪರೀಕ್ಷೆ ಹತ್ತಿರ ಬಂದಿತ್ತು. ಕಲಿಯುವವರು ಜೊತೆಯ ಕೆಲಸಗಾರರ ಮೇಲೆ ಅಭ್ಯಾಸ ಮಾಡುವುದು ಅಲ್ಲಿನ ರೂಢಿ. ಅವತ್ತು ಬಿಡುವಾಗಿ ಸಿಕ್ಕವಳು ಗ್ಲೆನಿಸ್. ಸ್ವಲ್ಪ ಹೊತ್ತು ರೋಗಿಯಾಗಿ ಕೂರು ಎಂದರು. ಆಗಲ್ಲ ಎನ್ನಬಹುದಿತ್ತು. ಆದರೆ ಆ ಕೋಣೆಯೊಳಗೆ ಏನು ನಡೆಯುತ್ತದೆಂದು ನೋಡುವ ಆಸೆ ಸಿಟ್ಟಿಗಿಂತ ದೊಡ್ಡದಾಗಿತ್ತು.

ಮೊರ್ವೆನಾ ಅವಳ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ರಕ್ತದೊತ್ತಡ ಏರಿ ಕೂತಿತ್ತು, ಏರದೆ ಇನ್ನೇನು? ಡಾಕ್ಟರು ಕಲಿಸಿದ ಹಾಗೆಯೇ ಹುಡುಗಿ ದನಿ ತಗ್ಗಿಸಿ ಕೇಳಿದಳು: "ನಿಮ್ಮನ್ನ ಏನು ಕಾಡ್ತಿದೆ, ಹೇಳಿ."

"ನೀನು," ಎಂದಳು ಗ್ಲೆನಿಸ್. "ನೀನು ಕೂತಿರೋ ಜಾಗ."

ಮೊರ್ವೆನಾ ಉತ್ತರ ಕೊಡದೆ ಸುಮ್ಮನೆ ಕಾದಳು. ಮೂಲೆಯಲ್ಲಿದ್ದ ಡಾಕ್ಟರು ಮೆಚ್ಚಿ ತಲೆದೂಗಿದರು. ರೋಗಿ ರೇಗಿದಾಗ ಹೀಗೇ ತಾಳ್ಮೆಯಿಂದಿರಬೇಕು, ಪರೀಕ್ಷೆಯಲ್ಲಿ ಇದಕ್ಕೆ ಒಳ್ಳೆಯ ಅಂಕ ಬೀಳುತ್ತದೆ ಎಂದರು. ಎಷ್ಟು ಚೆನ್ನಾಗಿ ನಟಿಸಿದೆ ಎಂದು ಗ್ಲೆನಿಸ್‌ಗೂ ಶಹಭಾಸ್ ಹೇಳಿದರು.

"ನಾನು ನಟಿಸ್ಲಿಲ್ಲ ಡಾಕ್ಟ್ರೇ. ಬರೋ ವರ್ಷ ನನ್ನನ್ನ ಕೂರಿಸ್ಕೋತೀರಾ? ಹೌದೋ ಇಲ್ವೋ, ಒಂದು ಹೇಳಿಬಿಡಿ."

ಅವರು ಕನ್ನಡಕ ತೆಗೆದು ಒರೆಸಿದರು. "ನೀನಿಲ್ದೆ ಈ ಕ್ಲಿನಿಕ್ ನಡೆಯುತ್ತಾ ಗ್ಲೆನಿಸ್? ನೀನು ಕಲಿಯೋಕೆ ಕೂತರೆ ಫೋನ್ ಯಾರು ನೋಡ್ತಾರೆ?"

ಗ್ಲೆನಿಸ್ ತೋಳಿನ ಪಟ್ಟಿಯನ್ನು ತಾನೇ ಕಿತ್ತು ಮೇಜಿನ ಮೇಲೆ ಎಸೆದಳು. ಕೋಟು ತೊಟ್ಟು, ಕಾಯುತ್ತ ಕೂತಿದ್ದ ರೋಗಿಗಳ ನಡುವೆ ಹಾದು ಹೊರಟಳು. ಊಟಕ್ಕೆ ಹೋಗುತ್ತಿದ್ದಾಳೆಂದುಕೊಂಡು ಯಾರೋ ಬಾಗಿಲು ಹಿಡಿದು ದಾರಿ ಬಿಟ್ಟರು. ಅವಳು ಮತ್ತೆ ಅಲ್ಲಿಗೆ ಕಾಲಿಡಲಿಲ್ಲ.