ಡಾಲರ್ ಹೆಗಲು

ಮಾವನ ಶವ ಮನೆಯ ಮುಂದಿನ ಕೋಣೆಯಲ್ಲಿ ಇದ್ದಷ್ಟು ದಿನವೂ ನನ್ನ ಗಂಡ ಎಡ್ಸೆಲ್ ಕುರ್ಚಿ ಬಿಟ್ಟು ಏಳಲಿಲ್ಲ. ಬಂದವರಿಗೆ ಶುಂಠಿ ಕಷಾಯ ಕೊಡುವುದು, ಬಾಡಿಗೆ ಬೆಂಚುಗಳನ್ನು ಎಳೆದು ಹಾಕುವುದು, ಐಸಿನ ಪೆಟ್ಟಿಗೆ ಹೊರುವುದು, ಎಲ್ಲವನ್ನೂ ನಾನೂ ಅವನ ಚಿಕ್ಕಪ್ಪನ ಮಗಳು ಜೆಸ್ಸಾಳೂ ಮಾಡಿದೆವು. ಹಿರಿಯ ಮಗ ಅನ್ನಿಸಿಕೊಂಡವನು ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದ. ವಕೀಲರ ಅಪ್ಪಣೆ ಹಾಗಿತ್ತು.

"ಜನರ ಎದುರಿಗೆ ಒಂದು ಬಕೆಟ್ ನೀರೂ ಎತ್ಬೇಡಿ. ಕಂಪನಿಯೋರು ಫೋಟೋ ತೆಗೆಯೋಕೇ ಅಂತ ಜನ ಇಟ್ಟಿರ್ತಾರೆ. ಒಂದೇ ಒಂದು ಫೋಟೋ ಸಿಕ್ರೆ ನಿಮ್ಮ ಕೇಸು ಮುಗೀತು," ಎಂದು ಮನಿಲಾದ ಸಾಲ್ಸೆಡೊ ವಕೀಲರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದರು.

ಕೇಸು ಸುಳ್ಳಿನದಲ್ಲ. ಅದಿರು ಸಾಗಿಸುವ ಹಡಗಿನಲ್ಲಿ ಎಡ್ಸೆಲ್ ಕೆಲಸಕ್ಕಿದ್ದಾಗ, ಬಂದರಿನಲ್ಲಿ ಹಡಗು ಕಟ್ಟುವ ಹಗ್ಗ ಕಿತ್ತು ಬಂದು ಅವನನ್ನು ಕಂಬಿಗೆ ಅಪ್ಪಳಿಸಿತು. ಬಲ ಹೆಗಲಿನ ಕೀಲು ಪುಡಿಯಾಯಿತು, ತೋಳಿನ ಎಲುಬು ಎರಡು ತುಂಡಾಯಿತು. ಒಳಗೆ ಲೋಹದ ಪಟ್ಟಿ ಇಟ್ಟು ಹೊಲಿದು ಮನೆಗೆ ಕಳಿಸಿದರು. ಕಂಪನಿಯ ಡಾಕ್ಟರು 'ಕೆಲಸಕ್ಕೆ ಯೋಗ್ಯ' ಎಂದು ಬರೆದ. ಯೋಗ್ಯನಾದವನನ್ನು ಅದೇ ಕಂಪನಿ ಮತ್ತೆ ಹಡಗು ಹತ್ತಿಸಿಕೊಳ್ಳಲಿಲ್ಲ! ನಾವೇ ಹುಡುಕಿಕೊಂಡು ಹೋದ ಡಾಕ್ಟರು ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕೈ ಒಂದು ಗಳಿಗೆ ಮೇಲೇಳಬಹುದು, ಆದರೆ ಭಾರ ತಡೆದು ನಿಲ್ಲುವುದಿಲ್ಲ, ಇನ್ನು ಯಾವತ್ತೂ ನಿಲ್ಲುವುದಿಲ್ಲ. ಸಮುದ್ರ ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲದವನು ಅವನು. ಡಾಲರ್ ಲೆಕ್ಕದಲ್ಲಿ ಕೊಡುವ ಪರಿಹಾರದ ಹಣ ಬಂದರೆ ಒಂದು ಅಂಗಡಿ ಹಾಕಿ ಮಗಳನ್ನು ಓದಿಸುತ್ತೇವೆ, ಬರದಿದ್ದರೆ ನಮ್ಮ ಗತಿ ದೇವರಿಗೇ ಗೊತ್ತು.

ಊರಿಗೆ ಇದೆಲ್ಲ ಎಲ್ಲಿ ಅರ್ಥವಾಗುತ್ತದೆ? ಅಂಗಿ ತೊಟ್ಟರೆ ಮುಗಿಯಿತು, ಎಡ್ಸೆಲ್ ಗಟ್ಟಿಮುಟ್ಟಾದ ಗಂಡಸು. ನಮ್ಮ ಪದ್ಧತಿಯಂತೆ ರಾತ್ರಿಯೆಲ್ಲ ಶವ ಕಾಯಲು ಬಂದು ಅಂಗಳದಲ್ಲಿ ಇಸ್ಪೀಟು ಆಡುತ್ತಿದ್ದ ಇಮೋ ಚಿಕ್ಕಪ್ಪ, ಅಂದರೆ ಜೆಸ್ಸಾಳ ಅಪ್ಪ, ಅವನಿಗೊಂದು ಹೆಸರನ್ನೇ ಇಟ್ಟಿದ್ದ.

"ಏನೋ ಡಾಲರ್ ಹೆಗಲು, ಸಿಗರೇಟಾದ್ರೂ ನೀನೇ ಹಚ್ಕೋತೀಯೋ, ಅದಕ್ಕೂ ಹೆಂಡ್ತಿ ಬರ್ಬೇಕೋ?"

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

"ನಿಮ್ಮ ಬಾಯಿಗೂ ಒಂದು ಪಟ್ಟಿ ಹಾಕಿಸ್ಕೊಳ್ಳಿ ಚಿಕ್ಕಪ್ಪ. ಒಳ್ಳೆ ಡಾಕ್ಟ್ರು ನಂಗೊತ್ತು," ಎಂದೆ. ಎಡ್ಸೆಲ್ ಕಣ್ಣಲ್ಲೇ ನನ್ನನ್ನು ಸುಮ್ಮನಿರಿಸಿದ.

ಹೂಳುವ ದಿನ ಬೆಳಿಗ್ಗೆ ಪಾದ್ರಿ ಬಂದು ಹೋದ ಮೇಲೆ ಅತ್ತೆ, "ಬಿಯಾನ ದಾಟಿಸಿ," ಎಂದರು. ಶವಪೆಟ್ಟಿಗೆ ಹೊಸ್ತಿಲು ದಾಟುವ ಮುಂಚೆ ಪುಟ್ಟ ಮೊಮ್ಮಕ್ಕಳನ್ನು ಅದರ ಮೇಲಿಂದ ಈ ಬದಿಯಿಂದ ಆ ಬದಿಗೆ ದಾಟಿಸಬೇಕು. ಇಲ್ಲದಿದ್ದರೆ ಸತ್ತವರಿಗೆ ಮಗುವಿನ ಮೇಲಿನ ಆಸೆ ಬಿಡುವುದಿಲ್ಲ, ಮಗು ನಿದ್ದೆಯಲ್ಲಿ ಬೆಚ್ಚಿ ಜ್ವರ ಹಿಡಿಯುತ್ತದೆ. ಮಾವನಿಗಂತೂ ನಮ್ಮ ಮಗಳು ಬಿಯಾ ಎಂದರೆ ಪ್ರಾಣ. ಈ ಕಡೆ ನಾನು, ಆ ಕಡೆ ಇಮೋ ಚಿಕ್ಕಪ್ಪ ನಿಂತೆವು. ಮಿಲಾನಿನಲ್ಲಿ ಮನೆಗೆಲಸಕ್ಕಿರುವ ನಾದಿನಿ ಗ್ಲೆಂಡಾಗೆ ರಜೆ ಸಿಕ್ಕಿರಲಿಲ್ಲ. ಅಪ್ಪನ ಕೊನೆಯ ದಿನವನ್ನು ಅವಳು ಫೋನಿನಲ್ಲೇ ನೋಡಬೇಕು, ಹಾಗಾಗಿ ಜೆಸ್ಸಾ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದಳು.

ನಾನು ಬಿಯಾಳನ್ನು ಎತ್ತಿ ಪೆಟ್ಟಿಗೆಯ ಮೇಲೆ ಚಾಚಿದೆ. ಗಾಜಿನ ಕೆಳಗೆ ಅಜ್ಜನ ಮುಖ ಕಂಡು ಅವಳು ಕಿಟಾರನೆ ಕಿರುಚಿದಳು. ಚಿಕ್ಕಪ್ಪನ ಕೈಗೆ ಹೋಗಲೊಲ್ಲಳು, ಒದ್ದಳು, ನನ್ನ ಕೈಯಿಂದ ಜಾರತೊಡಗಿದಳು.

"ಅಪ್ಪ! ಅಪ್ಪ ಬೇಕು!"

ಅಷ್ಟೂ ದಿನ ಕುರ್ಚಿ ಬಿಡದವನು ಒಂದೇ ನೆಗೆತಕ್ಕೆ ಬಂದು ಚಿಕ್ಕಪ್ಪನನ್ನು ಸರಿಸಿ ಎರಡೂ ಕೈ ಚಾಚಿದ. ಬಿಯಾ ಅವನ ಮೇಲೆ ಬಿದ್ದಳು. ಅವನು ಅವಳನ್ನು ಮೇಲಕ್ಕೆ, ತನ್ನ ತಲೆಯ ಎತ್ತರಕ್ಕೆ ಎತ್ತಿದ. ಬಿಳಿ ಹೂಗಳ ಮೇಲೆ ಅಪ್ಪ ಮಗಳು ಇಬ್ಬರೂ ಎಷ್ಟು ಚೆನ್ನಾಗಿ ಕಂಡರು! ಆಮೇಲೆ ಬಲಗೈ ಸೋಲತೊಡಗಿದ್ದು ಕಂಡದ್ದೇ ಜೆಸ್ಸಾ ಫೋನು ಎಸೆದು ಓಡಿಬಂದಳು, ಅಷ್ಟರಲ್ಲಿ ಕೈ ಕೆಳಗೆ ಬಂತು. ಬಿಯಾಳ ಮೊಣಕೈ ಪೆಟ್ಟಿಗೆಯ ಅಂಚಿಗೆ ಬಡಿಯಿತು, ಅವಳು ನೆಲಕ್ಕೆ ಬಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮುಂಚೆಯೇ ಎಡ್ಸೆಲ್, "ಮೆಟ್ಲಿಂದ ಜಾರಿದ್ಲು," ಎಂದ. ಅವರು ಹಾಗೆಯೇ ಬರೆದುಕೊಂಡರು. ನಾನು ಅವನ ಮುಖ ನೋಡಿದೆ. ಹೆತ್ತ ಮಗಳನ್ನು ಹಿಡಿದು ನಿಲ್ಲಲಾರೆ ಎಂದು ಬೇರೆಯವರ ಎದುರಿಗೆ ಹೇಳುವುದಕ್ಕಿಂತ ಇನ್ನೊಂದು ಕೈಯನ್ನೂ ಮುರಿದುಕೊಳ್ಳುತ್ತಿದ್ದನೇನೋ. ಮಗುವಿನ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಮಾವನನ್ನು ಮಣ್ಣು ಮಾಡುವ ಹೊತ್ತಿಗೆ ಸ್ಮಶಾನ ಸೇರಿದೆವು.

ಕಂಪನಿಯ ಕಡೆಯ ಯಾವ ಕ್ಯಾಮೆರಾದವನೂ ನಮ್ಮೂರಿಗೆ ಬರಬೇಕಾಗಲಿಲ್ಲ. ಗ್ಲೆಂಡಾಗೆ ತಲುಪಿದ ವಿಡಿಯೋದಲ್ಲಿ ಮಗು ಮೇಲೇರಿದ್ದಿತ್ತು, ಆಮೇಲೆ ಗಲಾಟೆ, ಕತ್ತಲೆ. ಅವಳು ಅಳುತ್ತಲೇ ಅದರಿಂದ ಒಂದು ಚಿತ್ರ ತೆಗೆದು ಫೇಸ್‌ಬುಕ್ಕಿಗೆ ಹಾಕಿದಳು. 'ಅಪ್ಪನನ್ನು ಕಳಿಸಿಕೊಡುತ್ತಿರುವ ನನ್ನ ಗಟ್ಟಿಗ ಅಣ್ಣ' ಎಂದು ಕೆಳಗೆ ಬರೆದಳು. ಊರಿಗೆ ಊರೇ ಹೃದಯದ ಗುರುತು ಒತ್ತಿತು. ವಿಚಾರಣೆಯ ಮುಂಚೆ ಅದೇ ಚಿತ್ರವನ್ನು ಕಂಪನಿಯವರು ದೊಡ್ಡದಾಗಿ ಮುದ್ರಿಸಿ ಫೈಲಿಗೆ ಸೇರಿಸಿದರು.

"ನಿಮ್ಮೋರೇ ಕಂಪನಿ ಕೆಲಸ ಮಾಡಿಕೊಟ್ಟಿದ್ದಾರಲ್ರೀ!" ಎಂದು ಸಾಲ್ಸೆಡೊ ತಲೆ ಚಚ್ಚಿಕೊಂಡರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರ ಮುಖ ಅರಳಿತು. ಮಗುವಿನ ಎಲುಬು ಮುರಿದದ್ದು ಕೇಳಿ ಅರಳುವ ಮುಖವನ್ನು ನಾನು ಅದೇ ಮೊದಲು ನೋಡಿದ್ದು. ಸಿಟ್ಟು ಬಂತು, ಅದರ ಜೊತೆಗೇ ಆಸೆಯೂ ಹುಟ್ಟಿತು. ಸಾಲ್ಸೆಡೊ ಎಡ್ಸೆಲ್ ಕಡೆ ತಿರುಗಿದರು.

"ಹಾಗಾದ್ರೆ ಕೇಸು ಉಳೀತು! ಆಸ್ಪತ್ರೆ ಕಾಗದ ಹೋಗ್ಲಿ ಬಿಡಿ. ನನ್ನ ಕೈ ಸೋತು ಮಗು ಬಿತ್ತು, ನಾಚಿಕೆಗೆ ಮೆಟ್ಲು ಅಂದೆ, ಅಂತ ನೀವು ಬಾಯಿಬಿಟ್ಟು ಹೇಳಿ. ಮಗೂನೂ ಕರ್ಕೊಂಡು ಬನ್ನಿ. ಪ್ಲಾಸ್ಟರ್ ಅವರಿಗೆ ಕಾಣ್ಬೇಕು."

ಎಡ್ಸೆಲ್ ಹೂಂ ಎಂದು ತಲೆಯಾಡಿಸಿದ. ಬಿದ್ದ ದಿನದಿಂದ ಬಿಯಾ ಅವನ ಹತ್ತಿರ ಹೋಗುತ್ತಿರಲಿಲ್ಲ. ಸೋಪು ತರಲು ಹೋದರೆ ಅಂಗಡಿಯವಳಿಗೆ, ಬೀದಿಯಲ್ಲಿ ಸಿಕ್ಕಿದವರಿಗೆ, ಎಲ್ಲರಿಗೂ ಪ್ಲಾಸ್ಟರ್ ತೋರಿಸಿ, "ಅಪ್ಪ ಬೀಳಿಸ್ದ," ಎನ್ನುತ್ತಿದ್ದಳು. ಅವನು ತುತ್ತು ಮಾಡಿ ಕೊಟ್ಟರೆ ಬಾಯಿ ಬಿಗಿ ಹಿಡಿಯುತ್ತಿದ್ದಳು. ಅವನು ತಟ್ಟೆ ನನಗೆ ಕೊಟ್ಟು ಹಿತ್ತಿಲಿಗೆ ಹೋಗುತ್ತಿದ್ದ.

ವಿಚಾರಣೆಯ ಕೋಣೆಯಲ್ಲಿ ಎಸಿ ಜೋರಾಗಿತ್ತು. ಬಿಯಾ ನನ್ನ ಮಡಿಲಲ್ಲಿದ್ದಳು. ಮೇಜಿನ ಆಚೆ ಕೂತ, ಕೇಸು ತೀರ್ಮಾನಿಸುವ ಅಧಿಕಾರಿಣಿ ಮಾವನ ಮಣ್ಣಿನ ದಿನದ ಆ ಚಿತ್ರವನ್ನು ಮುಂದಿಟ್ಟುಕೊಂಡು ಮೃದುವಾಗಿಯೇ ಕೇಳಿದರು.

"ಈ ಮಗು ನಿಮ್ಮ ಕೈಯಿಂದ ಬಿತ್ತು ಅಂತ ನಿಮ್ಮ ವಕೀಲರು ಹೇಳ್ತಿದಾರೆ. ನೀವೇ ಹೇಳಿ. ಬಿತ್ತಾ?"

ಎಡ್ಸೆಲ್ ನಮ್ಮ ಕಡೆ ತಿರುಗಿದ. ಬಿಯಾ ಹೆಬ್ಬೆರಳು ಚೀಪುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಹೇಳು, ನಿನ್ನ ದಮ್ಮಯ್ಯ, ಹೇಳಿಬಿಡು, ಎಂದು ನಾನು ಒಳಗೊಳಗೇ ಬೇಡಿಕೊಂಡೆ.

"ಇಲ್ಲ ಮೇಡಂ," ಎಂದ. "ನನ್ನ ಮಗಳನ್ನ ನಾನು ಬೀಳಿಸ್ಲಿಲ್ಲ. ಮೆಟ್ಲಿಂದ ಜಾರಿದ್ಲು."

"ಸುಳ್ಳು!" ಎಂದು ಎದ್ದು ನಿಂತೆ. "ಬಿತ್ತು ಮೇಡಂ, ನನ್ನ ಕಣ್ಣೆದುರಿಗೇ ಬಿತ್ತು!"

"ಪ್ರಶ್ನೆ ಅವರಿಗಮ್ಮ. ಕೂತ್ಕೊಳ್ಳಿ," ಎಂದು ಅವರು ಬರೆಯತೊಡಗಿದರು. ಕಂಪನಿಯ ವಕೀಲ ಪೆನ್ನಿನ ಮುಚ್ಚಳ ಹಾಕಿದ.

ಹೊರಗೆ ಸಾಲ್ಸೆಡೊ ಎಡ್ಸೆಲ್‌ನ ಮುಖವನ್ನೂ ನೋಡಲಿಲ್ಲ. "ಕನಿಕರಕ್ಕೆ ಅಂತ ಏನಾದ್ರೂ ಕೊಟ್ರೆ ತಗೊಂಡು ಸುಮ್ನಾಗಿ. ಇನ್ನು ನನ್ನ ಕೈಲಿ ಏನೂ ಇಲ್ಲ," ಎಂದು ನನಗೆ ಹೇಳಿ ಹೊರಟುಹೋದರು.

ಊರಿಗೆ ಹಿಂದಿರುಗುವ ಬತಂಗಾಸ್ ಬಸ್ಸಿನಲ್ಲಿ ನಾನು ಗಂಡನ ಜೊತೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಬಸ್ಸಿನವರೆಲ್ಲ ಕೇಳಬೇಕಾಗುತ್ತಿತ್ತು. ಬಿಯಾ ಸೀಟಿನ ಮೇಲೆ ನಿಂತು ಅಪ್ಪನನ್ನು ಸುಮಾರು ಹೊತ್ತು ನೋಡಿದಳು. ಆಮೇಲೆ ನನ್ನನ್ನು ದಾಟಿ ಹೋಗಿ ಅವನ ಮಡಿಲಲ್ಲಿ ಕೂತು, ಪ್ಲಾಸ್ಟರಿನ ಕೈಯನ್ನು ಅವನ ಎದೆಗೆ ಒರಗಿಸಿ ನಿದ್ದೆಹೋದಳು. ಅವನು ದಾರಿಯುದ್ದಕ್ಕೂ ಮಿಸುಕಲಿಲ್ಲ. ಅವನ ಕೆನ್ನೆ ಒದ್ದೆಯಾಗಿದ್ದನ್ನು ನೋಡಿದೆ. ನನ್ನ ಸಿಟ್ಟು ಇಳಿಯಲಿಲ್ಲ, ಈಗಲೂ ಇಳಿದಿಲ್ಲ.

ಊರು ಬಂತು. ಎಡ್ಸೆಲ್ ಮೊದಲು ಇಳಿದ. ನಾನು ಚೀಲ ಎತ್ತಿಕೊಂಡು ಬಿಯಾಳ ಹಿಂದೆ ಬಾಗಿಲವರೆಗೆ ಬಂದೆ. ಬಿಯಾ ಬಸ್ಸಿನ ಎತ್ತರದ ಮೆಟ್ಟಿಲಿನ ಮೇಲೆ ನಿಂತು, ಕೆಳಗಿದ್ದ ಅಪ್ಪನ ಕಡೆಗೆ ಎರಡೂ ಕೈ ಚಾಚಿದಳು.

"ಎತ್ಕೋ ಅಪ್ಪ. ನೀನು ಬೀಳಿಸಲ್ಲ."

ಅವನ ಎಡಗೈ ಮೇಲೇರಿತು. ಬಲಗೈ ಎದೆಯವರೆಗೆ ಬಂದು ಅಲ್ಲೇ ನಿಂತಿತು. ಡ್ರೈವರು ಹಾರ್ನ್ ಒತ್ತಿದ. ಎಡ್ಸೆಲ್ ಮಗಳ ಮೇಲಿಂದ ಕಣ್ಣು ತೆಗೆದು ನನ್ನನ್ನು ನೋಡಿದ.

ನಾನು ಚೀಲ ಕೆಳಗೆಸೆದು, ಹಿಂದಿನಿಂದ ಮಗುವನ್ನು ಬಾಚಿಕೊಂಡೆ.