ಕೊರಳಪಟ್ಟಿ ಇಲ್ಲದ ಮರಿ

ಗಡಿಯಾರ ರಿಪೇರಿಯವನಿಗೆ ಜಗತ್ತಿನಲ್ಲಿ ಮೂವರು ಶತ್ರುಗಳಿದ್ದರು. ಮೂವರೂ ಅವನ ಅಂಗಡಿಯಿಂದ ಹತ್ತು ಹೆಜ್ಜೆಯೊಳಗೇ ಬೀಡುಬಿಟ್ಟಿದ್ದರು. ಒಬ್ಬ, ಬೆಳಗಿನಿಂದ ಸಂಜೆವರೆಗೆ ಮೆಟ್ಟಿಲ ಮೇಲೆ ಡಬ್ಬಿ ಅಲ್ಲಾಡಿಸುತ್ತ ಕೂರುವ ಭಿಕ್ಷುಕ. ಎರಡನೆಯದು ಪಕ್ಕದ ಮನೆಯ ಹೊಲಿಗೆಯಾಕೆಯ ನಾಯಿ. ಬೀದಿಯಲ್ಲಿ ಒಂದು ಎಲೆ ಬಿದ್ದರೂ ಅದಕ್ಕೆ ಬೊಗಳಿ ವರದಿ ಒಪ್ಪಿಸಬೇಕು. ಮೂರನೆಯದು ಅಂಗಡಿಯ ಹಿಂದಿನ ಎರಡು ಕೋಣೆಗಳ ಮನೆಯೊಳಗೇ ಸೇರಿಕೊಂಡಿತ್ತು. ಅಕ್ಕ ತಂದ ನಾಯಿಮರಿ.

ಅವನ ಕೆಲಸ ಅರ್ಧ ಕಣ್ಣಿನದಾದರೆ ಅರ್ಧ ಕಿವಿಯದು. ರಿಪೇರಿಯಾದ ಗಡಿಯಾರವನ್ನು ಕಿವಿಗೆ ಹಿಡಿದು ಎರಡು ನಿಮಿಷ ಉಸಿರು ಬಿಗಿಹಿಡಿದು ಕೇಳುತ್ತಿದ್ದ. ಟಿಕ್‌ ಟಿಕ್ಕಿನ ನಡಿಗೆಯಲ್ಲಿ ಕುಂಟು ಕೇಳಿಸಿದರೆ ಮತ್ತೆ ಬಿಚ್ಚುತ್ತಿದ್ದ. ಹೀಗೆ ಕೇಳುವಾಗ ಅತ್ತ ಡಬ್ಬಿ, ಇತ್ತ ಬೊಗಳು, ಕಾಲ ಬುಡದಲ್ಲಿ ಚಪ್ಪಲಿ ಕಡಿಯುವ ಸದ್ದು. ಯಾರಿಗಾದರೂ ತಲೆ ಕೆಡುವುದೇ. ಇವನಿಗಂತೂ ಕೋಪ ಮೊದಲೇ ಮೂಗಿನ ತುದಿಯಲ್ಲಿ.

ಆದರೆ ಮರಿಯ ವಿಷಯದಲ್ಲಿ ಅವನು ಬಾಯಿ ಬಿಡುವಂತಿರಲಿಲ್ಲ. ಅಕ್ಕ ಇಪ್ಪತ್ತೆರಡು ವರ್ಷದ ಸಂಸಾರವನ್ನು ಬಿಟ್ಟು ಆರು ವಾರದ ಹಿಂದೆ ಒಂದೇ ಚೀಲ ಹಿಡಿದು ಬಂದಿದ್ದಳು. ಮುಂಗೈ ಮೇಲಿನ ಕಂದು ಗುರುತಿನ ಬಗ್ಗೆ ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ. "ಎರಡು ತಿಂಗಳು ನೋಡ್ತೀನಿ. ನಿನಗೆ ಭಾರ ಆಗಿದ್ದೀನಿ ಅನ್ನಿಸಿದ ದಿನ ಹೊರಟುಹೋಗ್ತೀನಿ" ಅಂದಿದ್ದಳು. ಹೊರಡುವುದಾದರೆ ಅವಳಿಗೆ ಇದ್ದದ್ದು ಒಂದೇ ಜಾಗ, ಬಿಟ್ಟುಬಂದ ಆ ಮನೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿದ ಎರಡನೇ ವಾರ, ಅಲ್ಲಿನ ಚರಂಡಿಯಿಂದ ಆ ಮರಿಯನ್ನು ಎತ್ತಿಕೊಂಡು ಬಂದಳು. ಅದು ಅವನ ಕಾಲುಚೀಲವನ್ನು ಮನೆಯ ತುಂಬ ಎಳೆದಾಡಿದಾಗ ಅಕ್ಕ ನಕ್ಕಳು. ಬಂದ ಮೇಲೆ ಅದೇ ಅವಳ ಮೊದಲ ನಗು.

ಹಾಗಾಗಿ ಸಿಟ್ಟೆಲ್ಲ ಪಕ್ಕದ ಮನೆಯ ನಾಯಿಯ ಮೇಲೆ ತಿರುಗಿತು. ಪುರಸಭೆಗೆ ಎರಡು ಪುಟದ ಅರ್ಜಿ ಬರೆದ. ಆ ನಾಯಿಗೆ ಕೊರಳಪಟ್ಟಿ ಇಲ್ಲವೆಂದು ಗೊತ್ತಿದ್ದೇ, 'ಕೊರಳಪಟ್ಟಿ ಇಲ್ಲದ ನಾಯಿ ಯಾವುದೇ ಇರಲಿ, ಯಾರನ್ನೂ ವಿಚಾರಿಸದೆ ಹಿಡಿದೊಯ್ಯಬೇಕು' ಎಂದು ಅಡಿಗೆರೆ ಎಳೆದು ಬರೆದ. ಹೊಲಿಗೆಯಾಕೆಗೆ ಅದು ಹೇಗೆ ತಿಳಿಯಿತೋ, ಮರುವಾರವೇ ತನ್ನ ನಾಯಿಗೆ ಅಂಗೈ ಅಗಲದ ಕೆಂಪು ಪಟ್ಟಿ ಹೊಲಿದು ಹಾಕಿದಳು. ನಾಯಿ ಅದನ್ನು ಹಾಕಿಕೊಂಡು ಇನ್ನಷ್ಟು ಜೋರಾಗಿ ಬೊಗಳಿತು.

ಆ ದಿನ ಬೆಳಿಗ್ಗೆ ಅವನ ಕೈಯಲ್ಲಿ ಅಂಗೈಯ ಕಾಲುಭಾಗದಷ್ಟಿರುವ ಒಂದು ಹಳೆಯ ಕೈಗಡಿಯಾರವಿತ್ತು. ಅಕ್ಕ ಕೆಲಸಕ್ಕೆ ಹೋಗಿದ್ದಳು. ಮರಿಯ ಕೊರಳಪಟ್ಟಿಯ ಗೆಜ್ಜೆ ಕಿಣಿಕಿಣಿ ಅಂದು ಜೀವ ಹಿಂಡುತ್ತಿತ್ತು. ಪಟ್ಟಿಯನ್ನೇ ಬಿಚ್ಚಿ ಮೊಳೆಗೆ ತಗುಲಿಹಾಕಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ. ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ಭಿಕ್ಷುಕನ ನೆರಳು ಬಿತ್ತು. ಏನೋ ಹೇಳಿದ. ಇವನು ತಲೆ ಎತ್ತಲಿಲ್ಲ, ಎಂದಿನಂತೆ ಎಡಗೈ ಬೀಸಿ 'ಮುಂದೆ ಹೋಗು' ಅಂದ. ನೆರಳು ಕದಲಲಿಲ್ಲ, ಮತ್ತೇನೋ ಹೇಳಿತು. ಇವನು ಇನ್ನೊಂದು ಸಲ ಜೋರಾಗಿ ಬೀಸಿದ. ಆಮೇಲೆ ಸುಖವಾದ ನಿಶ್ಶಬ್ದ.

ಮೂರು ಗಂಟೆಗೆ ಗಡಿಯಾರದ ಹಿಂಬದಿ ಮುಚ್ಚಿ ಬೆನ್ನು ನೆಟ್ಟಗೆ ಮಾಡಿದಾಗಲೇ ಆ ನಿಶ್ಶಬ್ದ ಅತಿಯಾಯಿತಲ್ಲ ಅನ್ನಿಸಿದ್ದು. ಒಳಗೆ ನೋಡಿದ. ಮಂಚದ ಕೆಳಗೆ, ಒಲೆಯ ಹಿಂದೆ, ಬಟ್ಟೆ ಬುಟ್ಟಿಯಲ್ಲಿ, ಎಲ್ಲೂ ಇಲ್ಲ. ಹೊರಬಾಗಿಲಿಗೆ ಓಡಿಬಂದ.

ಭಿಕ್ಷುಕ ಮೆಟ್ಟಿಲ ಮೇಲೇ ಇದ್ದ. "ಬೀದಿಗೆ ಬಂದಿದ್ದ ನಿಮ್ಮ ಮರೀನ ನಾಯಿ ಹಿಡಿಯೋರು ವ್ಯಾನಿಗೆ ಹಾಕ್ಕೊಂಡು ಹೋದ್ರು" ಅಂದ. "ಎರಡು ಸಲ ಬಂದು ಹೇಳ್ದೆ. ನೀವು ಕೈ ಬೀಸಿದ್ರಿ."

"ನಮ್ಮದು ಅಂತ ಅವರಿಗಾದ್ರೂ ಹೇಳ್ಬಾರ್ದಿತ್ತಾ?"

"ಹೇಳ್ದೆ. ನನ್ನ ಮಾತು ಯಾರು ಕೇಳ್ತಾರೆ? ಒಳಗೆ ಕೇಳೋಣ ಅಂತ ಅವರೂ ಬಾಗಿಲಿಗೆ ಬಂದು ಇಣುಕಿದ್ರು. ನೀವು ಬೀಸಿದ ಕೈ ನೋಡಿ, ತಗೊಂಡು ಹೋಗಿ ಅಂದ್ರಿ ಅಂದ್ಕೊಂಡ್ರು."

ಅವನು ಅಂಗಡಿಗೆ ಬೀಗವನ್ನೂ ಹಾಕದೆ ಓಡಿದ.

ನಾಯಿ ದೊಡ್ಡಿಯಿದ್ದದ್ದು ಊರಾಚೆಯ ಉಗ್ರಾಣದ ಹಿಂದೆ. ನಾಯಿ ಬಿಡಿಸಿಕೊಳ್ಳಲು ಬಂದವರ ಹೆಸರಿನ ಪುಸ್ತಕವನ್ನು ಗುಮಾಸ್ತ ಮುಚ್ಚುವ ಹವಣಿಕೆಯಲ್ಲಿದ್ದ. "ನಾಲ್ಕು ಗಂಟೆಗೆ ಲಾರಿ ಹೊರಡುತ್ತೆ. ದೂರದ ಜಾಗಕ್ಕೆ. ಅದು ಹೋದ ಮೇಲೆ ನನ್ನ ಕೈಲಿ ಏನೂ ಇಲ್ಲ" ಅಂದ. "ನಿಮ್ಮ ಬೀದಿಯಿಂದಲೇ ಯಾರೋ ಪುಣ್ಯಾತ್ಮ ಎರಡು ಪುಟ ಬರೆದಿದ್ದ." ಗಡಿಯಾರದವನು ಆ ಪುಣ್ಯಾತ್ಮನನ್ನು ಅಲ್ಲೇ ಬಿಟ್ಟು ಪಂಜರಗಳತ್ತ ನಡೆದ.

ಮುಂದಿನ ಪಂಜರದಲ್ಲಿ ಮರಿಗಳಿದ್ದವು. ಐದು. ಐದೂ ಕಂದು, ಐದೂ ಒಂದೇ ಗಾತ್ರ.

"ಯಾವುದು ನಿಮ್ಮದು?"

ಸಾವಿರ ಗಡಿಯಾರದ ನಡುವೆ ಒಂದನ್ನು ಅದರ ಗಾಜಿನ ಮೇಲಿನ ಗೀರಿನಿಂದಲೇ ಗುರುತಿಸುವವನು ಬೆಪ್ಪನಂತೆ ನಿಂತ. ಒಂದು ತಿಂಗಳು ಒಂದೇ ಸೂರಿನ ಕೆಳಗೆ ಇದ್ದ ಪ್ರಾಣಿ. ಅದರ ಕಿವಿ ಹೇಗಿದೆ? ಬಾಲ? ಪಾದ? ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ್ದು ನೆನಪಿತ್ತು, ಮುಖ ನೆನಪಿರಲಿಲ್ಲ. ಗುಮಾಸ್ತ ಕೈಗಡಿಯಾರ ನೋಡಿಕೊಂಡ.

"ಅದು" ಅಂದ ಇವನು, ಹತ್ತಿರವಿದ್ದ ಒಂದನ್ನು ತೋರಿಸಿ. ಸಹಿ ಹಾಕಿದ. ಎತ್ತಿಕೊಂಡು ಗೇಟಿನ ತನಕ ಬಂದ.

ಮರಿ ಅವನ ತೋಳಿನ ಮೇಲೆ ಸುಮ್ಮನೆ ನಡುಗುತ್ತಿತ್ತು. ಅವರ ಮನೆಯದಾಗಿದ್ದರೆ ಇಷ್ಟು ಹೊತ್ತಿಗೆ ಅಂಗಿಯ ತೋಳನ್ನು ಎರಡು ಕಡೆ ಹರಿದಿರುತ್ತಿತ್ತು. ಅವನಿಗೆ ಗೊತ್ತಾಯಿತು. ಗೊತ್ತಾದರೂ ಕಾಲು ಮುಂದಕ್ಕೇ ಎಳೆಯಿತು: ಅಕ್ಕ ಬರುವುದು ಐದಕ್ಕೆ, ಪಟ್ಟಿ ಹಾಕಿ ಬಿಟ್ಟರೆ ಅವಳಿಗೂ ತಿಳಿಯದೆ ಇರಬಹುದು, ಹೆದರಿ ಮೆತ್ತಗಾಗಿದೆ ಅಂದರಾಯಿತು. ಗೇಟಿನ ಹೊರಗೆ ಲಾರಿಯ ಹಿಂಬಾಗಿಲು ತೆರೆದು ನಿಂತಿತ್ತು. ಒಳಗೆ ಪಂಜರಗಳನ್ನಿಡುವ ಖಾಲಿ ಜಾಗ ಕಾಣುತ್ತಿತ್ತು. ಅವನು ಫೋನು ತೆಗೆದ.

"ಅಕ್ಕ, ಅರ್ಜಿ ಬರೆದವನು ನಾನೇ. ಪಟ್ಟಿ ಬಿಚ್ಚಿದವನೂ ನಾನೇ. ಮರಿ ದೊಡ್ಡೀಲಿದೆ. ಯಾವುದು ಅಂತ ನನಗೆ ಗೊತ್ತಾಗ್ತಿಲ್ಲ."

ಆ ಕಡೆ ಇಸ್ತ್ರಿಯ ಹಬೆ ಬುಸ್ಸೆನ್ನುವುದು ಕೇಳಿಸಿತು. "ಎಷ್ಟೊತ್ತಿದೆ?"

"ಹದಿನೆಂಟು ನಿಮಿಷ."

ಫೋನು ಕಟ್ಟಾಯಿತು.

ಅವನು ಒಳಗೆ ವಾಪಸು ಓಡಿ ಬೇಡಿಕೊಂಡ, ಗುಮಾಸ್ತನ ಕೈಕಾಲು ಹಿಡಿಯುವುದೊಂದು ಬಾಕಿ. ಆಳುಗಳು ಪಂಜರಗಳನ್ನು ಒಂದೊಂದಾಗಿ ಲಾರಿಗೆ ಏರಿಸತೊಡಗಿದರು. ಮರಿಗಳ ಪಂಜರದ ಮುಂದೆ ಇವನು ತೋಳಿನ ಮರಿಯ ಸಮೇತ ಅಡ್ಡ ನಿಂತ. "ಜಾಗ ಬಿಡ್ರೀ" ಅಂದರು. ಬಿಡಲಿಲ್ಲ. ನಾಲ್ಕಕ್ಕೆ ಎರಡು ನಿಮಿಷವಿರುವಾಗ ಅಕ್ಕ ಬಂದಳು. ಒದ್ದೆ ಏಪ್ರನ್ನಿನಲ್ಲೇ ಓಡಿಬಂದಿದ್ದಳು. ಅವನ ತೋಳಿನ ಮರಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿ, ಪಂಜರದಲ್ಲಿ ಉಳಿದ ನಾಲ್ಕು ಮರಿಗಳನ್ನೂ ದಾಟಿ, ಆಗಲೇ ಲಾರಿ ಏರಿದ್ದ ದೊಡ್ಡ ನಾಯಿಗಳ ಪಂಜರದತ್ತ ಹೋದಳು. ಅದರ ಮೂಲೆಯಲ್ಲಿ ಒಂದು ಕಂದು ಮರಿ ತನಗಿಂತ ನಾಲ್ಕುಪಟ್ಟು ದೊಡ್ಡ ನಾಯಿಯ ಬಾಲ ಕಚ್ಚಿಕೊಂಡು ಜಗ್ಗುತ್ತಿತ್ತು.

"ಇದು" ಅಂದಳು.

ಗುಮಾಸ್ತ ಗೊಣಗಿದ. "ಇವರು ಆಗಲೇ ಬೇರೆ ಮರಿಗೆ ಸಹಿ ಹಾಕಿ ತಗೊಂಡಿದ್ರಲ್ಲಮ್ಮ."

ಅಕ್ಕ ತಮ್ಮನ ಕಡೆ ತಿರುಗಿದಳು. "ಅದನ್ನೇ ತಂದು ನನ್ನ ಮುಂದೆ ಬಿಡ್ತಿದ್ದೆಯಾ?"

"ಗೇಟಿನ ತನಕ ಹೋಗಿದ್ದೆ" ಅಂದ ಅವನು. "ನೀನು ಹೊರಟುಹೋಗ್ತೀಯಾ ಅಂತ ಭಯ ಆಯ್ತು ಅಕ್ಕ."

ಅಕ್ಕ ಅವನ ತೋಳಿನಿಂದ ನಡುಗುವ ಮರಿಯನ್ನು ಬಿಡಿಸಿ ತನ್ನ ಏಪ್ರನ್ನಿನಲ್ಲಿ ಸುತ್ತಿಕೊಂಡಳು. ತಮ್ಮ ಮರಿಯನ್ನು ಲಾರಿಯಿಂದ ಇಳಿಸಿ ಅವನ ಕೈಗೆ ಕೊಟ್ಟಳು.

"ಸಹಿ ಹಾಕಿದ ಮೇಲೆ ಇದೂ ನಿನ್ನದೇ, ನಡಿ" ಅಂದಳು. "ಮನೆ ತಲುಪೋವರೆಗೂ ಅದರ ಮುಖ ನೋಡ್ತಾ ಬಾ."

ದಾರಿಯುದ್ದಕ್ಕೂ ಅವನು ನೋಡಿದ. ಎಡಗಿವಿಯ ತುದಿ ಮಡಚಿಕೊಂಡಿತ್ತು, ಮೂಗಿನ ಪಕ್ಕದಲ್ಲಿ ಸಾಸಿವೆಯಷ್ಟು ಬಿಳಿ ಮಚ್ಚೆಯಿತ್ತು. ಮರಿ ಅವನ ಬಲಗೈ ಹೆಬ್ಬೆರಳನ್ನು, ಕೆಲಸ ಮಾಡುವ ಬೆರಳನ್ನು, ಬಾಯಿಗೆ ಹಾಕಿಕೊಂಡು ಕಡಿಯಿತು. ನೋಯುತ್ತಿತ್ತು. ಅವನು ಬೆರಳನ್ನು ಎಳೆದುಕೊಳ್ಳಲಿಲ್ಲ.