ನಂದಿಬಟ್ಟಲಿನ ಬುಡದಲ್ಲಿ ಕೂತವರು

ನಮ್ಮ ಹಿತ್ತಿಲಿನ ನಂದಿಬಟ್ಟಲು ಗಿಡದ ಬುಡದಲ್ಲಿ ಕಂದುಬಣ್ಣದ ಒಂದು ಜಾಡಿ ಇದೆ. ಮೊಣಕಾಲಿಗಿಂತ ತುಸು ಎತ್ತರ, ಹೊಳಪು ಮಾಸಿದ ಮೈ, ಬಾಯಿಗೆ ಮುಚ್ಚಳವಾಗಿ ಬೋರಲು ಹಾಕಿದ ಪಿಂಗಾಣಿ ಬೋಗುಣಿ. ಜಾಡಿಯ ಒಂದು ಬದಿಗೆ ಬೆರಳಗಲದ ಕೆಂಪು ಬೊಟ್ಟು. ಹೂ ಬಿಡುವ ಕಾಲದಲ್ಲಿ ಬಿಳಿಯ ಹೂಗಳು ಬೋಗುಣಿಯ ಬೆನ್ನ ಮೇಲೆ ಉದುರಿ ಬಿದ್ದಿರುತ್ತವೆ. ಬಂದ ನೆಂಟರು, "ಉಪ್ಪಿನಕಾಯಿ ಜಾಡಿ ಹೊರಗೆ ಯಾಕಿಟ್ಟಿದ್ದೀರಿ?" ಎಂದು ಕೇಳುವುದುಂಟು. ನನ್ನ ಅತ್ತೆ ಅಂಬುಜಮ್ಮ ಇದ್ದಷ್ಟು ದಿನ ಅದಕ್ಕೆ ಒಂದೇ ಉತ್ತರ ಕೊಡುತ್ತಿದ್ದರು: "ಅದು ನಮ್ಮದಲ್ಲ. ಕಾದಿಡಲಿಕ್ಕೆ ಕೊಟ್ಟದ್ದು." ಅವರು ಹೋದ ಮೇಲೆ ಆ ಉತ್ತರ ನನ್ನ ಪಾಲಿಗೆ ಬಂದಿದೆ.

ನಾನು ಸೊಸೆಯಾಗಿ ಆ ಮನೆ ಹೊಕ್ಕಾಗ ಪಕ್ಕದಲ್ಲಿ ಹಲ್ಲಿನ ಅಂಗಡಿಯಿತ್ತು. ನಡುವೆ ಎದೆಮಟ್ಟದ ಗೋಡೆ. ಅಂಗಡಿಯವರು ಚೀನಾದವರು. ಯಜಮಾನರ ಹೆಸರು ಲಿಯಾವ್ ಸೆನ್‌ಫಾ. ಊರಿನ ಬಾಯಲ್ಲಿ ಅದು ಸೇನಪ್ಪ ಆಗಿ ಎಷ್ಟೋ ಕಾಲವಾಗಿತ್ತು. ಅವರಪ್ಪ ಹಡಗಿನಿಂದಿಳಿದು ಈ ಬಂದರಿನಲ್ಲಿ ಹಲ್ಲು ಕಟ್ಟುವ ಕಸುಬು ಹೂಡಿದವರು. ಸೇನಪ್ಪ ಹುಟ್ಟಿದ್ದು, ಅಕ್ಷರ ಕಲಿತದ್ದು, ಹಲ್ಲು ಕೀಳಲು ಕಲಿತದ್ದು ಎಲ್ಲವೂ ನಮ್ಮ ಓಣಿಯಲ್ಲೇ. ಅವರ ಹೆಂಡತಿ ಮೊಯಿಲಾನ್ ಗೋಡೆಯ ಮೇಲಿಂದ ನುಗ್ಗೆಕಾಯಿ ಕೊಡುತ್ತಿದ್ದಳು. ಅತ್ತೆ ಕೈಗೆ ಕೈ ತಾಗಿಸದೆ ಗೋಡೆಯ ಮೇಲೆ ಇಡಿಸಿ, ನೀರು ಚಿಮುಕಿಸಿ, ಆಮೇಲೆ ಎತ್ತಿಕೊಳ್ಳುತ್ತಿದ್ದರು.

"ನುಗ್ಗೆಕಾಯಿಗೂ ಸ್ನಾನವಾ ಅಮ್ಮ?" ಎಂದು ಮೊಯಿಲಾನ್ ನಗುವಳು.

"ಅದಕ್ಕೂ ಆಗ್ಲಿ, ನಿಂಗೂ ಆಗ್ಲಿ. ಇಷ್ಟು ಹೊತ್ತಾದ್ರೂ ತಲೆ ಬಾಚಿಲ್ಲ ಮಾರಾಯ್ತಿ" ಎಂದು ಅತ್ತೆ ಬೈಯುವರು. ಆ ಬೈಗುಳ ಇಲ್ಲದ ದಿನ ಮೊಯಿಲಾನ್‌ಗೆ ಏನೋ ಕಳೆದುಕೊಂಡಂತಾಗುತ್ತಿತ್ತು.

ದೂರದ ಗಡಿಯಲ್ಲಿ ನಮ್ಮ ದೇಶಕ್ಕೂ ಚೀನಾಕ್ಕೂ ಜಗಳ ಹತ್ತಿತು. ಆ ಗಡಿಯನ್ನು ನಮ್ಮೂರಿನಲ್ಲಿ ಕಂಡವರು ಒಬ್ಬರೂ ಇರಲಿಲ್ಲ. ಆದರೂ ಒಂದು ಬೆಳಿಗ್ಗೆ ಡಂಗುರದವನು ಓಣಿಗೆ ಬಂದ. ಚೀನಾ ವಂಶದವರು ಊರಿನ ಸೇತುವೆ ದಾಟಕೂಡದು, ವಾರಕ್ಕೊಮ್ಮೆ ಠಾಣೆಗೆ ಬಂದು ಮುಖ ತೋರಿಸಬೇಕು ಎಂದು ಸಾರಿದ. ಸೇನಪ್ಪ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಅದು ಬೇರೆ ಯಾರಿಗೋ ಹೇಳಿದ ಮಾತು ಎಂಬಂತೆ ಕೇಳಿಸಿಕೊಂಡರು.

ಬಾಗಿಲಿಗೆ ಬಂದವನು ಜಮಾದಾರ ಬೊಮ್ಮಯ್ಯ. ಅವನ ಮುಂದಿನ ಹಲ್ಲುಗಳನ್ನು ಕಟ್ಟಿಕೊಟ್ಟವರು ಸೇನಪ್ಪನೇ.

"ನಾನು ಹುಟ್ಟಿದ್ದು ಇಲ್ಲೇ ಅಲ್ವಾ ಬೊಮ್ಮಯ್ಯ? ನಿಮ್ಮಪ್ಪನೂ ನಮ್ಮಪ್ಪನೂ ಒಟ್ಟಿಗೆ ಇಸ್ಪೀಟು ಆಡಿದವ್ರು."

"ಹುಟ್ಟಿದ್ದು ಎಲ್ಲಿ ಅಂತ ಅವ್ರು ಕೇಳೂದಿಲ್ಲ ಸೇನಪ್ಪ. ಅಪ್ಪ ಎಲ್ಲಿಂದ ಬಂದ ಅಂತ ಕೇಳ್ತಾರೆ." ಬೊಮ್ಮಯ್ಯ ತಲೆ ತಗ್ಗಿಸಿದ. "ನೀನು ಕಟ್ಟಿದ ಹಲ್ಲಲ್ಲೇ ನಿಂಗೆ ಇದನ್ನ ಹೇಳ್ಬೇಕಾಯ್ತು, ನೋಡು."

ಸೇತುವೆಯಾಚೆ ಸೇನಪ್ಪನಿಗೆ ಇದ್ದದ್ದು ಒಂದೇ. ಅಪ್ಪನ ಗೋರಿ. ಹೊಳೆಯ ಆ ದಂಡೆಯ ದಿನ್ನೆಯಲ್ಲಿ ಚೀನಾದವರ ಸಮಾಧಿಗಳಿದ್ದವು. ಹೂಳಿದ ಕೆಲವು ವರ್ಷಗಳಿಗೆ ಮಣ್ಣು ತನ್ನ ಪಾಲನ್ನು ತಿಂದು ಮುಗಿಸುತ್ತದೆಯಂತೆ. ಆಗ ಮಗ ಹೋಗಿ ಅಪ್ಪನ ಎಲುಬುಗಳನ್ನು ಎತ್ತಿ, ತೊಳೆದು, ನೆರಳಲ್ಲಿ ಒಣಗಿಸಿ, ಜಾಡಿಯಲ್ಲಿ ಕೂರಿಸಬೇಕು. ಕೂರಿಸುವುದು ಎಂದೇ ಅವರು ಹೇಳುತ್ತಿದ್ದರು. ಕೂತವರು ಮನೆಯನ್ನು ಕಾಯುತ್ತಾರೆ. ಎತ್ತದೆ ಬಿಟ್ಟವರು ದಿಕ್ಕಿಲ್ಲದ ಪಿಶಾಚಿಗಳಾಗಿ ಅಲೆಯುತ್ತಾರೆ. ಆ ವರ್ಷವೇ ಎತ್ತುವ ವರ್ಷ. ಜಾಡಿಯನ್ನು ತರಿಸಿ ಇಟ್ಟಾಗಿತ್ತು.

ಅಷ್ಟರಲ್ಲಿ ಎರಡನೆಯ ಹುಕುಂ ಬಂತು. ಆ ದಿನ್ನೆ ಸರ್ಕಾರದ ಉಗ್ರಾಣಕ್ಕೆ ಬೇಕು, ಅಮಾವಾಸ್ಯೆ ಕಳೆದರೆ ನೆಲ ಸಮ ಮಾಡುತ್ತಾರೆ ಎಂದು. ಸೇನಪ್ಪ ಠಾಣೆಯ ಜಗಲಿಯಲ್ಲಿ ದಿನವಿಡೀ ಕೂತು, ಒಂದೇ ಒಂದು ಸಲ ಸೇತುವೆ ದಾಟಲು ಬಿಡಿ ಎಂದು ಬೇಡಿಕೊಂಡು ಬರಿಗೈಯಲ್ಲಿ ಮರಳಿದರು. ಆ ಸಂಜೆ ಗೋಡೆಯ ಆಚೆ ಬಂದು ನಿಂತವರು ನನ್ನನ್ನು ಕರೆದರು.

"ತಂಗಿ, ನಿಮ್ಮ ಗಾಡಿ ಆಳು ಸುಕ್ರನ ಹತ್ರ ಹೇಳ್ತೀಯಾ? ಅಗೆಯೂದು ಅವ ಅಗೆದಾನು. ಎತ್ತೂಕೆ ಮಾತ್ರ ಅವನಿಗೆ ಭಯ. ಬೇರೆ ಯಾರಾದ್ರೂ..."

ತುಳಸಿಗೆ ದೀಪ ಹಚ್ಚುತ್ತಿದ್ದ ಅತ್ತೆ ತಿರುಗಲೇ ಇಲ್ಲ. ದೀಪ ನಿಲ್ಲುವವರೆಗೆ ಕೈಯೊಡ್ಡಿ ಗಾಳಿ ತಡೆದು, ಕೈ ಮುಗಿದು, ಆಮೇಲೆ ಗೋಡೆಯ ಬಳಿಗೆ ಬಂದರು.

"ಹೇಗೆ ಎತ್ತೂದು, ಹೇಳಿಕೊಡು ಸೇನಪ್ಪ. ನಾಳೆ ನಾ ಹೋಗ್ತೇನೆ."

ನಾನು ಬೆಚ್ಚಿ ನೋಡಿದೆ. ನುಗ್ಗೆಕಾಯಿಗೆ ನೀರು ಚಿಮುಕಿಸಿದ ಕೈ ಅದು.

"ಅಮ್ಮ, ನಿಮಗೆ ಮೈಲಿಗೆ..."

"ಮೈಲಿಗೆಗೆ ಹೊಳೆ ಉಂಟು" ಎಂದರು ಅತ್ತೆ. "ನಮ್ಮನೆಯವರು ಮಚ್ವೆಯಲ್ಲಿ ಸಮುದ್ರಕ್ಕೆ ಹೋದವರು ಬರ್ಲೇ ಇಲ್ಲ. ದರ್ಭೆಯಲ್ಲಿ ಗೊಂಬೆ ಕಟ್ಟಿ ಅದಕ್ಕೆ ಬೆಂಕಿ ಕೊಡ್ಸಿದ್ರು. ಹುಲ್ಲು ಸುಟ್ಟ ಬೂದಿ ಹಿಡ್ಕೊಂಡು ನೀರಿಗಿಳಿದವಳು ನಾನು. ನಿಂಗೆ ದೇವ್ರು ಎಲುಬು ಉಳ್ಸಿ ಕೊಟ್ಟಿದ್ದಾನೆ. ಅದನ್ನ ಉಗ್ರಾಣದ ಅಡಿಗೆ ಬಿಡೂದಾ?"

ಸೇನಪ್ಪ ತಮ್ಮ ಮೈಯನ್ನೇ ಮುಟ್ಟಿ ಮುಟ್ಟಿ ತೋರಿಸಿದರು. ಮೊದಲು ಪಾದ, ಆಮೇಲೆ ಕಣಕಾಲು, ತೊಡೆ, ಸೊಂಟ, ಬೆನ್ನು, ತೋಳು, ಕೊನೆಗೆ ತಲೆ. ಮಡಿಸಿ ಕೂತವರ ಹಾಗೆ ಇರಬೇಕು. ಮುಖ ಬರುವ ಕಡೆ ಜಾಡಿಗೆ ಕೆಂಪು ಬೊಟ್ಟು ಇಟ್ಟಿದ್ದರು. ಹೊರಗೆ ತೆಗೆದ ಎಲುಬಿಗೆ ಆಕಾಶ ಕಾಣಬಾರದು, ಕೊಡೆ ಹಿಡಿಯಬೇಕು. ತೋರಿಸುತ್ತ ತೋರಿಸುತ್ತ ತಲೆಯ ಮೇಲಿಟ್ಟ ಕೈಯನ್ನು ಅವರು ಬಹಳ ಹೊತ್ತು ಇಳಿಸಲಿಲ್ಲ.

ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಸುಕ್ರ ಅಗೆದು ದೂರ ಸರಿದು ನಿಂತ. ನಾನು ಕೊಡೆ ಹಿಡಿದೆ. ಅತ್ತೆ ಸೆರಗು ಬಿಗಿದು, ರಾಮನಾಮ ಹೇಳುತ್ತ ಗುಂಡಿಗಿಳಿದರು. ಒಂದೊಂದನ್ನೂ ಎಣ್ಣೆ ಹಚ್ಚಿದ ಕೂಸನ್ನು ಎತ್ತುವಂತೆ ಎತ್ತಿದರು. ಸೇನಪ್ಪ ಕೊಟ್ಟಿದ್ದ ಮದ್ಯದಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವಾಗ, ಆ ವಾಸನೆಗೆ ಮೂಗು ಮುಚ್ಚಬೇಕಾದ ಅವರು ಮುಚ್ಚಲಿಲ್ಲ. ತಲೆಯನ್ನು ಎತ್ತಿದಾಗ ದವಡೆಯಲ್ಲಿ ಮಗ ಕಟ್ಟಿದ ಚಿನ್ನದ ಹಲ್ಲು ಮಿನುಗಿತು.

"ಬನ್ನಿ, ಮನೆಗೆ ಹೋಗುವ" ಎಂದು ಅತ್ತೆ ಅದಕ್ಕೆ ಹೇಳಿದರು. ಅವರು ಕರೆದದ್ದು ಯಾರನ್ನೆಂದು ನಾನು ಕೇಳಲಿಲ್ಲ.

ಜಾಡಿಯಲ್ಲಿ ಕೂರಿಸಿ, ಗಾಡಿಗೇರಿಸಿ ಹೊಳೆಗೆ ಬಂದಾಗ, "ಸುಕ್ರನ ಗಾಡಿ ಜೊತೆ ನೀ ಮುಂದೆ ನಡಿ. ನಾ ಮುಳುಗು ಹಾಕಿ ಬರ್ತೇನೆ" ಎಂದರು. ಹೊಳೆ ಸಮುದ್ರ ಸೇರುವ ಜಾಗ ಅದು. ತಿರುಗಿ ನೋಡಿದಾಗ ಅವರು ಕತ್ತುಮಟ್ಟ ನೀರಿನಲ್ಲಿ, ಬೊಗಸೆ ಎತ್ತಿ ನಿಂತಿದ್ದರು. ಮೈಲಿಗೆ ಕಳೆಯುತ್ತಿದ್ದಾರೆ ಎಂದುಕೊಂಡೆ.

ಸೇತುವೆಯ ತಲೆಯಲ್ಲಿ ಬೊಮ್ಮಯ್ಯ ಕಾವಲಿದ್ದ. ಒದ್ದೆ ಸೀರೆಯಲ್ಲಿ ಹಿಂದಿನಿಂದ ಬಂದ ಅತ್ತೆಯನ್ನು ಕಂಡು ಗಾಡಿ ತಡೆದ.

"ಜಾಡಿಯಲ್ಲಿ ಎಂತ ಅಮ್ಮ?"

"ಹಿರಿಯರು ಕೂತಿದ್ದಾರೆ. ಎಬ್ಬಿಸ್ಬೇಡ."

ಬೊಮ್ಮಯ್ಯ ಕೆಂಪು ಬೊಟ್ಟನ್ನು ನೋಡಿದ. ಟೋಪಿ ತೆಗೆದ. "ದಾಟಬಾರದು ಅಂದದ್ದು ಇರುವವರಿಗೆ. ಹೋದವರ ಮಾತು ಹುಕುಮಿನಲ್ಲಿ ಇಲ್ಲ" ಎಂದು ದಾರಿ ಬಿಟ್ಟ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇನಪ್ಪ ಜಾಡಿಯೊಳಗೆ ಕೈಯಿಳಿಸಿ, ಕಣ್ಣು ಮುಚ್ಚಿ, ಕತ್ತಲಲ್ಲಿ ಅಪ್ಪನ ಮೈ ತಡವುವ ಮಗುವಿನಂತೆ ಮುಟ್ಟಿ ನೋಡಿದರು. ಎಲ್ಲೋ ಒಂದು ಕಡೆ ಕೈ ನಿಂತಿತು. ಆಮೇಲೆ ಕೈ ತೆಗೆದು ಅತ್ತೆಯ ಪಾದಕ್ಕೆ ಅಡ್ಡಬಿದ್ದರು.

ಮಳೆಗಾಲಕ್ಕೆ ಮೊದಲು ಲಾರಿ ಬಂತು. ಚೀನಾ ವಂಶದವರನ್ನೆಲ್ಲ ದೂರದ ಯಾವುದೋ ಮರಳುನೆಲದ ಶಿಬಿರಕ್ಕೆ ಒಯ್ಯುತ್ತಾರೆಂದರು. ಹೊರಗಿನ ಪೊಲೀಸರು ಬಂದಿದ್ದರು. ಆಳಿಗೊಂದೇ ಗಂಟು ಎಂದರು. ಸೇನಪ್ಪ ಬೇರೇನೂ ಹಿಡಿಯದೆ ಜಾಡಿಯನ್ನು ಅಪ್ಪಿಕೊಂಡು ಬಂದರು. ಮುಚ್ಚಳ ತೆಗೆಸಿ ಒಳಗೆ ಇಣುಕಿದ ಅಧಿಕಾರಿ ಹಿಂದಕ್ಕೆ ಹಾರಿ, "ಇದನ್ನ ಲಾರಿಗೆ ಹತ್ತಿಸಬೇಡಿ" ಎಂದು ಕಿರುಚಿದ. ಸೇನಪ್ಪ ಹಾಗೆಯೇ ತಿರುಗಿ ನಮ್ಮ ಹಿತ್ತಿಲಿಗೆ ನಡೆದು ಬಂದರು. ನಂದಿಬಟ್ಟಲಿನ ಬುಡದಲ್ಲಿ ಜಾಡಿಯನ್ನು ಇಳಿಸಿದರು.

"ಇವ್ರು ನಿಮ್ಮ ಹತ್ರ ಇರ್ಲಿ ಅಮ್ಮ."

ಅತ್ತೆ ಅಲ್ಲಿಯವರೆಗೆ ಹಿಡಿದಿಟ್ಟದ್ದು ಒಡೆಯಿತು.

"ಸೇನಪ್ಪ, ನಾನೊಂದು ತಪ್ಪು ಮಾಡಿದೆ. ಇಡೀ ಅವ್ರನ್ನ ನಿಂಗೆ ಕೊಡ್ಲಿಲ್ಲ. ಒಂದು ಸಣ್ಣ ಎಲುಬು, ಪಾದದ್ದು, ಹೊಳೆಗೆ ಕೊಟ್ಟುಬಿಟ್ಟೆ. ನಮ್ಮಲ್ಲಿ ನೀರಿಗೆ ಸೇರಿದ್ರೇ ಮುಕ್ತಿ. ನಮ್ಮವರಿಗಂತೂ ಹುಲ್ಲು ಕೊಟ್ಟೆ, ಇವರಿಗಾದ್ರೂ ದಾರಿ ಆಗ್ಲಿ ಅಂತ... ನಿನ್ನ ಕೇಳ್ಬೇಕಿತ್ತು."

"ಗೊತ್ತಿತ್ತು ಅಮ್ಮ. ಒಂದು ಕಮ್ಮಿ ಅಂತ ಅವತ್ತೇ ಕೈಗೆ ಗೊತ್ತಾಗಿತ್ತು."

"ಮತ್ತೆ ಬೈಲಿಲ್ಲ ಯಾಕೆ?"

ಲಾರಿಯ ಹಾರ್ನ್ ಕೂಗಿತು. ಮೊಯಿಲಾನ್ ಬೀದಿಯಲ್ಲಿ ನಿಂತು ಕರೆಯುತ್ತಿದ್ದಳು. ಆ ದಿನ ಅವಳು ತಲೆ ಬಾಚಿ, ಎಣ್ಣೆ ಹಚ್ಚಿ, ಬಿಗಿಯಾಗಿ ಗಂಟು ಕಟ್ಟಿದ್ದಳು.

"ಪಾದ ಕಮ್ಮಿಯಾದವ್ರು ತಮ್ಮ ಮೂಲದ ನೆಲಕ್ಕೆ ನಡೆದು ಹೋಗಲಾರರು ಅಂತ ನಮ್ಮಲ್ಲಿ ಹೇಳ್ತಾರೆ" ಎಂದರು ಸೇನಪ್ಪ. "ಮೊದ್ಲು ಎದೆ ಧಸಕ್ಕೆಂತು. ಎಷ್ಟೋ ದಿನ ಉಣ್ಣೂಕೂ ಆಗ್ಲಿಲ್ಲ. ಇವತ್ತು ಲಾರಿ ನೋಡಿದ ಮೇಲೆ ಸಮಾಧಾನ ಆಯ್ತು. ನಮ್ಮನ್ನ ಎತ್ತಿ ಎಲ್ಲಿಗೂ ಹಾಕ್ಬಹುದು. ಅಪ್ಪನ್ನ ಈ ಊರಿಂದ ಏಳ್ಸೂಕೆ ಇನ್ನು ಯಾರಿಂದ್ಲೂ ಆಗೂದಿಲ್ಲ."

ಅವರು ಜಾಡಿಯ ಕೆಂಪು ಬೊಟ್ಟನ್ನು ಸಮುದ್ರದ ಕಡೆಗೆ ತಿರುಗಿಸಲು ಬಾಗಿದರು. ಏನೋ ನೆನೆದು, ಗೋಡೆಯಾಚೆಯ ತಮ್ಮ ಅಂಗಡಿಯ ಹಿಂಬಾಗಿಲಿನ ಕಡೆಗೆ ತಿರುಗಿಸಿದರು. ಅತ್ತೆ ಆ ದಿನ ಅವರ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ನೀರು ಚಿಮುಕಿಸಲಿಲ್ಲ.

ಆಮೇಲೆ ಯಾರೂ ಬರಲಿಲ್ಲ. ಮರಳುನೆಲದಿಂದ ಕೆಲವರನ್ನು ಹಡಗು ಹತ್ತಿಸಿ ಅವರು ಎಂದೂ ಕಾಣದ ದೇಶಕ್ಕೆ ಕಳಿಸಿದರು ಎಂದು ಯಾರೋ ಹೇಳಿದರು. ಕೆಲವರು ಅಲ್ಲೇ ತೀರಿಕೊಂಡರು ಎಂದು ಇನ್ಯಾರೋ. ಬೊಮ್ಮಯ್ಯನ ಕಟ್ಟಿದ ಹಲ್ಲು ಸಡಿಲವಾಯಿತು. ಬೇರೆ ಊರಿಗೆ ಹೋಗಿ ಬಿಗಿ ಮಾಡಿಸಿಕೋ ಎಂದರೆ ಅವನು ಒಲ್ಲೆ ಎಂದ. ಉಗ್ರಾಣವೂ ಬಿದ್ದು, ಅದರ ಗೋಡೆಯ ಮೇಲೆ ಆಲದ ಗಿಡ ಹುಟ್ಟಿತು. ಅತ್ತೆ ಪಿತೃಪಕ್ಷದಲ್ಲಿ ಮಾವನವರಿಗೆ ಎಡೆ ಇಟ್ಟ ಮೇಲೆ, ಇನ್ನೊಂದು ಎಲೆ ತುಂಡಿನಲ್ಲಿ ಅನ್ನ ಇಟ್ಟು ನಂದಿಬಟ್ಟಲಿನ ಕಡೆ ನಡೆಯುವರು. ಪುರೋಹಿತರು ನೋಡಿಯೂ ನೋಡದಂತೆ ದರ್ಭೆ ಸರಿಮಾಡಿಕೊಳ್ಳುವರು.

ಅತ್ತೆಯ ಬೂದಿಯನ್ನು ಹೊಳೆ ಸಮುದ್ರ ಸೇರುವಲ್ಲಿ ಬಿಟ್ಟಾಗ ನಾನು ದಂಡೆಯಲ್ಲಿ ನಿಂತಿದ್ದೆ. ಎಲ್ಲರೂ ಹೊರಟ ಮೇಲೆ ನೀರಿಗಿಳಿದು ಮೂರು ಬೊಗಸೆ ಬಿಟ್ಟೆ. ಒಂದು ಅತ್ತೆಗೆ, ಒಂದು ಹುಲ್ಲಿನ ಗೊಂಬೆಯಾಗಿ ಹೋದ ಮಾವನವರಿಗೆ, ಒಂದು ಆ ಸಣ್ಣ ಎಲುಬಿಗೆ.

ಈಗಲೂ ಬೆಳಿಗ್ಗೆ ಹಿತ್ತಿಲು ಗುಡಿಸುವಾಗ ಬೋಗುಣಿಯ ಮೇಲೆ ಬಿದ್ದ ಹೂಗಳನ್ನು ಆರಿಸಿ ದೇವರಿಗೆ ಇಡುತ್ತೇನೆ. ಒಂದನ್ನು ಅಲ್ಲೇ ಬಿಡುತ್ತೇನೆ. ಗೋಡೆಯಾಚೆ ಅಂಗಡಿಯ ಹಿಂಬಾಗಿಲಿಗೆ ಬಳ್ಳಿ ಹಬ್ಬಿ ಚಿಲಕ ಕಾಣದಾಗಿದೆ. ಮಳೆಗೆ ತೊಳೆದು ತೊಳೆದು ಮಾಸಿದ ಕೆಂಪು ಬೊಟ್ಟು ಆ ಬಾಗಿಲನ್ನೇ ನೋಡುತ್ತಿರುತ್ತದೆ.